ಹರಕೆಯಲ್ಲದ ಬಾಯಿಬೀಗ

ಆಗ ನನಗೆ ಮೂವತ್ತೆರಡು ವರ್ಷ. ಅದಾಗಿ ಈಗ ನಲವತ್ತು ವರ್ಷದ ಮೇಲಾಯಿತು. ಹೊಸಪೇಟೆಯ ಹಲ್ಲಿನ ಡಾಕ್ಟರೊಬ್ಬರು ನನ್ನ ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಸೇರಿಸಿ ತಂತಿ ಬಿಗಿದರು. ನನ್ನ ದವಡೆ ಏನೂ ಮುರಿದಿರಲಿಲ್ಲ. ನಾನು ತಿನ್ನುವುದನ್ನು ನಿಲ್ಲಿಸಲಿ ಅಂತ ಬಿಗಿದದ್ದು.

ನಾನು ತಿನ್ನುತ್ತಿದ್ದದ್ದು ಹಸಿವಿಗಲ್ಲ. ಎಷ್ಟು ಮಂದಿಗೆ ಹೇಳಿದರೂ ಇದು ತಿಳಿಯಲಿಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆ ಬಿರಿಯುವಂತಾಗಿ ಉಸಿರು ಹಿಡಿದಾಗಲೂ ಕೈ ತಾನಾಗಿಯೇ ಡಬ್ಬಿಯೊಳಗೆ ಹೋಗುತ್ತಿತ್ತು. ಒಂದು ರೊಟ್ಟಿ ಮುರಿದರೆ ಬುಟ್ಟಿ ಬರಿದಾಗುವ ತನಕ ಏಳುತ್ತಿರಲಿಲ್ಲ. ರೊಟ್ಟಿ ಮುಗಿದರೆ ಶೇಂಗಾ, ಶೇಂಗಾ ಮುಗಿದರೆ ಬೆಲ್ಲ, ಅದೂ ಮುಗಿದರೆ ನೆನೆಯಿಟ್ಟ ಅಕ್ಕಿ. ಎಮ್ಮೆಗೆ ಬೇಯಿಸಿದ ಹುರುಳಿಯನ್ನೂ ಬಿಟ್ಟವಳಲ್ಲ. ವಾಂತಿ ಮಾಡಿ, ಬಾಯಿ ಮುಕ್ಕಳಿಸಿ, ಮತ್ತೆ ಬಂದು ಕೂತದ್ದೂ ಉಂಟು.

ತವರಿನಲ್ಲಿ ಹಾಗಿರಲಿಲ್ಲ. ಸಂಡೂರಿನ ಕಡೆಯ ಒಣಭೂಮಿಯವರು ನಾವು, ತಿನ್ನಬೇಕೆಂದರೂ ಏನಿತ್ತು ಅಲ್ಲಿ. ಕೊಟ್ಟ ಮನೆ ಕಂಪ್ಲಿ ರಸ್ತೆಯ ಕಡೆ, ಕಾಲುವೆಯ ಕೆಳಗೆ. ಡ್ಯಾಮಿನ ನೀರು ಬಂದ ಮೇಲೆ ಆ ಊರೆಲ್ಲ ಭತ್ತ, ಕಬ್ಬು, ಬಾಳೆ. ಅಟ್ಟದ ಮೇಲೆ ಬೆಲ್ಲದ ಪೆಂಟಿಗಳನ್ನು ಇಟ್ಟಿಗೆಯ ಹಾಗೆ ಪೇರಿಸಿಡುತ್ತಿದ್ದರು. ಮಕ್ಕಳಾಗಲಿಲ್ಲ ನನಗೆ. ಬೆಲ್ಲದ ಅಟ್ಟದ ಕೆಳಗೇ ನನ್ನ ಹಾಸಿಗೆ.

ಅತ್ತೆ ಅಡುಗೆಮನೆಗೆ ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ರುಬ್ಬುವ ಗುಂಡುಕಲ್ಲು ತಂದು ಚಿಲಕವನ್ನೇ ಕಿತ್ತೆ. ಗಂಡ ಬಂದು ಬಾರುಕೋಲಿನಿಂದ ಹೊಡೆದ. ನಾನೇನು ಸುಮ್ಮನೆ ಹೊಡೆಸಿಕೊಳ್ಳುವವಳಲ್ಲ, ಅವನನ್ನು ಗೋಡೆಗೆ ಒತ್ತಿ ಹಿಡಿದೆ. ನನ್ನ ಮೈಯ ಭಾರಕ್ಕೆ ಅವನ ಪಕ್ಕೆ ಲಟಕ್ ಅಂತು. ಅದಕ್ಕಿಂತ ಹೆಚ್ಚಾಗಿ ನನ್ನ ದನಿ ಇತ್ತು. ಒಂದು ಸಲ ಬಾಯಿ ತೆಗೆದರೆ ಬೀದಿಗೆ ಬೀದಿಯೇ ಅಂಗಳಕ್ಕೆ ಬಂದು ನಿಲ್ಲುತ್ತಿತ್ತು. ಅವನು ನಾಲ್ಕು ಜನರಲ್ಲಿ ಪಂಚಾಯ್ತಿ ಹೇಳುವ ಮನುಷ್ಯ. ಮಂದಿ ಕಂಡ ಕೂಡಲೇ ಬಾರುಕೋಲನ್ನು ಬೆನ್ನ ಹಿಂದೆ ಬಚ್ಚಿಟ್ಟು, “ಏನಿಲ್ರಿ, ಏನಿಲ್ಲ, ಹೋಗ್ರಿ” ಅನ್ನುತ್ತಿದ್ದ. ಆ ಮನೆಯಲ್ಲಿ ನನ್ನನ್ನು ಕಾಯುತ್ತಿದ್ದದ್ದು ನನ್ನ ಬಾಯಿ ಒಂದೇ.

ನಾದಿನಿಯ ನಿಶ್ಚಯದ ದಿನ ಮನೆಯ ಮಾನ ಹೋಯಿತು. ಗಂಡಿನ ಕಡೆಯವರಿಗೆಂದು ಮಾಡಿಟ್ಟ ಹೋಳಿಗೆಯನ್ನು, ಅವರು ಕೈಕಾಲು ತೊಳೆಯುವಷ್ಟರಲ್ಲಿ ನಾನು ಕೋಣೆಯಲ್ಲಿ ನಿಂತು ಮುಗಿಸಿದ್ದೆ. ಗಂಡ ನನ್ನ ಜುಟ್ಟು ಹಿಡಿದು ಎಲ್ಲರ ಎದುರು ಪಡಸಾಲೆಗೆ ಎಳೆದುಕೊಂಡು ಬಂದ. ಬಾಯಲ್ಲಿ ಇನ್ನೂ ಹೂರಣ ಇತ್ತು. ಎದುರು ಮನೆಯ ಮುದುಕಿ ಮೂಲೆಯಲ್ಲಿ ಕೂತವಳು, “ಬೀಗರು ಬರೂಕಿಂತ ಮುಂಚೆ ಹೋಳಿಗಿಗೆ ಬೀಗ ಹಾಕಬೇಕಿತ್ತಲ್ಲವ್ವಾ” ಅಂದಳು. ಬೀಗರು ನಕ್ಕರು. ಅತ್ತೆ ನಗಲಿಲ್ಲ. ನಾನು ಹೂರಣ ನುಂಗಿದೆ.

ಅದಾದ ಸ್ವಲ್ಪ ದಿನಕ್ಕೆ ಗಂಡನ ಕಡೆಯ ಒಬ್ಬ ಲಾರಿ ಡ್ರೈವರ್ ಮನೆಗೆ ಬಂದ. ಸಂಡೂರಿನ ಘಾಟಿನಲ್ಲಿ ಅದಿರಿನ ಲಾರಿ ಮಗುಚಿ ಅವನ ದವಡೆ ಮುರಿದಿತ್ತು. ಹಲ್ಲಿಗೆ ತಂತಿ ಬಿಗಿಸಿಕೊಂಡು ಬರೀ ಗಂಜಿ ಕುಡಿಯುತ್ತಿದ್ದ. ಕೋಣನ ಹಾಗಿದ್ದವನು ಸೆಣಬಿನ ಕಡ್ಡಿಯ ಹಾಗಾಗಿದ್ದ. ಗಂಡ ಅವನ ಸುತ್ತ ಒಂದು ಸುತ್ತು ಹಾಕಿ ನೋಡಿದ, ಸಂತೆಯಲ್ಲಿ ಎತ್ತು ನೋಡುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದ.

ಡಾಕ್ಟರು ಒಳ್ಳೆಯ ಮನುಷ್ಯ. ಅವರ ಮೇಲೆ ನನ್ನ ದೂರಿಲ್ಲ.

“ಇದು ದವಡಿ ಮುರಕೊಂಡೋರಿಗೆ ಹಾಕೋದು. ತೂಕ ಇಳಸಾಕ ಪರದೇಶದಾಗ ಹಾಕ್ತಾರಂತ ಓದೀನಿ. ನಾ ಯಾರಿಗೂ ಹಾಕಿಲ್ಲ” ಅಂದರು.

“ಹಾಕ್ರಿ ಸಾಹೇಬ್ರ, ನಾ ಹೇಳ್ತೀನಲ್ಲ” ಅಂದ ಗಂಡ.

“ಬಾಯಿ ನಿಮ್ಮದಲ್ರೀ ಅದು. ಏನಮ್ಮಾ, ನೀ ಏನಂತಿ?”

ಹಾಕ್ರಿ ಅಂದೆ. ಗಂಡನಿಗೆ ಹೆದರಿ ಅಂದದ್ದಲ್ಲ. ನನ್ನ ಕೈಯ ಕಾಟ ನನಗೇ ಸಾಕಾಗಿತ್ತು. ಯಾರಾದರೂ ಹಿಡಿದು ನಿಲ್ಲಿಸಲಿ ಅಂತ ಇತ್ತು.

ಆಗಷ್ಟೇ ಸಂಕ್ರಾಂತಿ ಮುಗಿದಿತ್ತು. ಹಲ್ಲು ಹಲ್ಲಿಗೂ ಸಣ್ಣ ತಂತಿ ಸುತ್ತಿ, ಮೇಲಿನದನ್ನು ಕೆಳಗಿನದಕ್ಕೆ ಹೊಸೆದು ಬಿಗಿದರು. ಒಸಡು ಹರಿದು ರಕ್ತ ಗಂಟಲಿಗೆ ಇಳಿಯಿತು, ಉಗುಳಲು ಬಾಯಿ ತೆರೆಯಲಿಲ್ಲ. ಕೊನೆಗೆ ಡಾಕ್ಟರು ತಂತಿ ಕತ್ತರಿಸುವ ಒಂದು ಸಣ್ಣ ಪಕ್ಕಡವನ್ನು ದಾರಕ್ಕೆ ಕಟ್ಟಿ ನನ್ನ ಕೊರಳಿಗೆ ಹಾಕಿದರು. “ವಾಂತಿ ಬಂತಂದ್ರ ಯಾರನೂ ಕೇಳಬ್ಯಾಡ, ಕಾಯಬ್ಯಾಡ. ಕಟ್ ಮಾಡು. ಇಲ್ಲಾಂದ್ರ ಉಸಿರು ಕಟ್ಟಿ ಸಾಯ್ತಿ. ಇದನ್ನ ಕೊಳ್ಳಾಗಿಂದ ತಗೀಬ್ಯಾಡ. ಶಿವರಾತ್ರಿ ಆದಮ್ಯಾಲೆ ಬಾ, ತಗದು ಕಳಸ್ತೀನಿ.”

ಊರಿಗೆ ಬಂದು ಬಸ್ಸಿಳಿದ ಕೂಡಲೇ ಗಂಡ ಚಹಾದಂಗಡಿಯ ಮುಂದೆ ನಿಂತು, “ನೋಡ್ರಲೇ, ನನ್ನ ಹೇಂತಿಗೆ ಬಾಯಿಬೀಗ ಹಾಕಿಸಿಕೊಂಡು ಬಂದೀನಿ!” ಅಂತ ಕೂಗಿ ಹೇಳಿದ. ಗಂಡಸರು ಬಿದ್ದು ಬಿದ್ದು ನಕ್ಕರು.

ಅವನು ಅಂದದ್ದು ಚೇಷ್ಟೆಗೆ. ಆದರೆ ಆ ಮಾತು ಹೆಂಗಸರ ಕಿವಿಗೆ ಬೀಳುವ ಹೊತ್ತಿಗೆ ಚೇಷ್ಟೆ ಹೋಗಿ ಬರೀ ಬಾಯಿಬೀಗ ಉಳಿದಿತ್ತು. ಅಮ್ಮನಿಗೆ ಹರಕೆ ಹೊತ್ತ ಹೆಂಗಸರು ಕೆನ್ನೆಗೆ ಬೆಳ್ಳಿಯ ಸರಳು ಚುಚ್ಚಿಸಿಕೊಂಡು ಮಾತಿಲ್ಲದೆ ಗುಡಿ ಸುತ್ತುತ್ತಾರಲ್ಲ, ಅದೂ ಬಾಯಿಬೀಗವೇ. ಅದನ್ನು ಅಮ್ಮನ ಎದುರಿಗೇ ತೆಗೆಯಬೇಕು, ಬೇರೆಲ್ಲೂ ತೆಗೆಯುವ ಹಾಗಿಲ್ಲ. ದೀಪ ಹಚ್ಚುವ ಹೊತ್ತಿಗೆ ಎದುರು ಮನೆಯ ಮುದುಕಿ ಅರಿಶಿನದ ಬಟ್ಟಲು ಹಿಡಿದು ಬಂದಳು. ನನ್ನ ತುಟಿ ಸರಿಸಿ ತಂತಿ ಮಿನುಗುವುದನ್ನು ನೋಡಿದಳು.

“ಯವ್ವಾ ಯವ್ವಾ! ಒಂದು ಹೊತ್ತಿನ ಹರಕಿ ಅಲ್ಲ ಇದು. ಹಲ್ಲಿಗೇ ಹೊಲಿಸಿಕೊಂಡಾಳಲ್ಲೇ! ಯಾವ ತಾಯಿಗೆ ಬೇಡಿಕೊಂಡಾಳ ನಿನ್ನ ಸೊಸಿ?”

ಹೋಳಿಗೆಯ ಅವಮಾನ ಅತ್ತೆಯ ಎದೆಯಲ್ಲಿ ಇನ್ನೂ ಹಸಿ ಇತ್ತು. “ಊರಮ್ಮಗ” ಅಂದಳು. “ಮಕ್ಕಳಾಗಲಿ ಅಂತ.”

ಅಷ್ಟು ಸಾಕಾಯಿತು. ಮಂಗಳವಾರ, ಶುಕ್ರವಾರ ಹೆಂಗಸರು ಕಾಯಿ, ಊದಿನಕಡ್ಡಿ ಹಿಡಿದುಕೊಂಡು ಬರತೊಡಗಿದರು. ನನ್ನನ್ನು ಎಮ್ಮೆ ಅಂದವರೇ ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅತ್ತೆ ನನ್ನ ಕೊರಳಲ್ಲಿದ್ದ ಪಕ್ಕಡವನ್ನು ತೆಗೆದು, “ಇದು ಅಮ್ಮನ ಆಯುಧ, ಕೊಳ್ಳಾಗಿಟಗೊಂಡು ತಿರಗಬಾರದು” ಅಂತ ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದಳು. ನಾನು ಕೊಡಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೆಂಗಸರು ಕಾಲಿಗೆ ಬೀಳುವುದು ನನಗೂ ಹಿತವಾಗಿತ್ತು. ಹಲ್ಲಿನ ಸಂದಿಯಿಂದ ಏನಾದರೂ ಅಂದರೆ ಬರೀ ಬುಸುಬುಸು ಅಂತ ಕೇಳುತ್ತಿತ್ತು. ಅದಕ್ಕೂ ಕೈ ಮುಗಿಯುತ್ತಿದ್ದರು.

ಗಂಜಿ, ಮಜ್ಜಿಗೆ, ಬೇಳೆಯ ಕಟ್ಟು. ದವಡೆಯ ಹಿಂದಿನ ಸಂದಿಯಿಂದ ಹೀರಿ ಹೀರಿ ಕುಡಿಯುತ್ತಿದ್ದೆ. ಮೊದಮೊದಲು ಇಳಿದೆ, ಕುಪ್ಪಸ ಸಡಿಲಾಯಿತು. ಆಮೇಲೆ ಕಬ್ಬಿನ ಗಾಣ ಶುರುವಾಯಿತು. ನಮ್ಮ ಗಾಣ ಮನೆಯ ಹಿತ್ತಲಿಗೆ ಹತ್ತಿಕೊಂಡೇ ಇತ್ತು. ಕಬ್ಬಿನ ಹಾಲು ನೀರಿನ ಹಾಗೆ ಇಳಿಯುತ್ತದೆ, ಅದನ್ನು ಅಗಿಯಬೇಕಾಗಿಲ್ಲ. ಒಂದು ತಂಬಿಗೆ ಕುಡಿದೆ. ಆಮೇಲೆ ಕೊಡವನ್ನೇ ತಂದಿಟ್ಟುಕೊಂಡೆ. ಎಮ್ಮೆಯ ಹಾಲಿಗೆ ಬೆಲ್ಲ ಕರಗಿಸಿ ಕುಡಿದೆ, ತುಪ್ಪ ಕಾಯಿಸಿ ಕುಡಿದೆ. ಬಾಯಿ ಮುಚ್ಚಿದರೆ ಹೋಗುವ ರೋಗವಲ್ಲ ಅದು. ಇಳಿದ ಮೈ ಮತ್ತೆ ಏರತೊಡಗಿತು.

ಗಂಡ ಹಿತ್ತಲಲ್ಲಿ ನನ್ನನ್ನು ಕೊಡದ ಜೊತೆ ಹಿಡಿದ. “ಸೂಳಿಮಗಳೇ, ಹೊಲದ ಕೆಲಸ ಬಿಟ್ಟು ಹೊಸಪ್ಯಾಟಿಗೆ ಅಲದಾಡೀನಿ ನಿನ್ನ ಸಲುವಾಗಿ” ಅಂದು ಕಬ್ಬಿನ ಜಲ್ಲೆಯಿಂದ ಬೆನ್ನಿಗೆ ಬಿಟ್ಟ. ನಾನು ಎಂದಿನ ಹಾಗೆ ಕೂಗಲು ಹೋದೆ. ಮೂಗಿನಿಂದ ಊಂ ಅಂತ ಒಂದು ದನಿ ಬಂತು, ಎಮ್ಮೆ ಈಯುವಾಗ ನರಳುತ್ತದಲ್ಲ, ಹಾಗೆ. ಅವನು ಅಭ್ಯಾಸದಂತೆ ಜಲ್ಲೆಯನ್ನು ಬೆನ್ನ ಹಿಂದೆ ಮಾಡಿ ಬಾಗಿಲ ಕಡೆ ನೋಡಿದ. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತು ಕಾದ. ಬೀದಿಯಲ್ಲಿ ಯಾವನೋ ಸೈಕಲ್ ಬೆಲ್ ಹೊಡೆದುಕೊಂಡು ಹೋದ. ಗಂಡ ನನ್ನ ಮುಖ ನೋಡಿದ. ಅವನಿಗೆ ಅರ್ಥವಾದದ್ದು ನನಗೂ ಅರ್ಥವಾಯಿತು. ಹೋಗಿ ಹಿತ್ತಲ ಬಾಗಿಲು ಹಾಕಿ ಬಂದು, ಜಲ್ಲೆ ಮುರಿಯುವ ತನಕ ಹೊಡೆದ.

ಅವತ್ತಿನಿಂದ ಬೇಕಾದಾಗೆಲ್ಲ ಹೊಡೆದ. ಕುಡಿದದ್ದಕ್ಕೆ ಹೊಡೆದ, ಕುಡಿಯದಿದ್ದಾಗ ಕುಡಿದಿದ್ದೀ ಅಂತ ಹೊಡೆದ. ಕಬ್ಬಿನ ಧಾರಣೆ ಬಿದ್ದರೂ ಹೊಡೆದ. ಹದಿನಾಲ್ಕು ವರ್ಷ ನನ್ನ ದನಿಗೆ ಹೆದರಿ ಅದುಮಿಟ್ಟದ್ದನ್ನೆಲ್ಲ ಹೊರಗೆ ಹಾಕಿದ. ಗಂಜಿ ಕುಡಿದ ಮೈ, ಮೊದಲಿನ ಹಾಗೆ ಅವನನ್ನು ಗೋಡೆಗೆ ಒತ್ತುವ ಬಲ ನನಗಿರಲಿಲ್ಲ. ಅತ್ತೆ ಅಡುಗೆಮನೆಯಿಂದಲೇ ಹೇಳುತ್ತಿದ್ದಳು: “ಮುಖಕ್ಕ ಹೊಡಿಬ್ಯಾಡೋ, ಶುಕ್ರವಾರ ಮಂದಿ ಬರ್ತಾರ.”

ಒಂದು ಶುಕ್ರವಾರ ಎದುರು ಮನೆಯ ಮುದುಕಿಯನ್ನು ಕೋಣೆಗೆ ಕರೆದು, ಕುಪ್ಪಸ ಎತ್ತಿ ಬೆನ್ನು ತೋರಿಸಿದೆ. ಅವಳಿಗೆ ಕಣ್ಣು ಮಂಜು. ಬರೆಗಳ ಮೇಲೆ ಕೈಯಾಡಿಸಿದಳು. ತಿಳಿಯಿತು ಅಂದುಕೊಂಡೆ.

“ಹರಕಿ ಹೊತ್ತೋರ ಮೈಮ್ಯಾಲೆ ತಾಯಿ ಹಿಂಗ ಬರಿ ಎಳಿತಾಳಂತ ನಮ್ಮವ್ವ ಹೇಳತಿದ್ಲು. ಇವತ್ತು ಕಣ್ಣಾರೆ ಕಂಡೆ” ಅಂದು ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಹೊರಗೆ ಹೋಗಿ ಉಳಿದವರಿಗೂ ಹೇಳಿದಳು. ಅವರೂ ಒಬ್ಬೊಬ್ಬರಾಗಿ ಬಂದು ಬೆನ್ನು ಮುಟ್ಟಿ ಹೋದರು.

ಶಿವರಾತ್ರಿ ಬಂತು, ಹೋಯಿತು. ನಾನು ಬೆರಳಿನಿಂದ ಹಲ್ಲು ತೋರಿಸಿ, ಹೊಸಪೇಟೆಯ ದಿಕ್ಕು ತೋರಿಸಿದೆ. ಗಂಡ ನೋಡದವನ ಹಾಗೆ ಎದ್ದು ಹೋದ. ಅತ್ತೆ ಅಂದಳು, “ದವನದ ಹುಣ್ಣಿವಿ ದಿನ ಅಮ್ಮನ ಮುಂದ ತಗಸೋಣ. ಅಲ್ಲೀತನ ತಡಿ. ಊರೆಲ್ಲ ನೋಡಾಕತ್ತೈತಿ.” ಹುಣ್ಣಿಮೆಗೆ ಇನ್ನೂ ಯುಗಾದಿ ದಾಟಬೇಕಿತ್ತು. ಅಷ್ಟರೊಳಗೆ ಇವನು ನನ್ನನ್ನು ಕೊಲ್ಲುತ್ತಾನೆ ಅಂತ ನನಗೆ ಗೊತ್ತಿತ್ತು. ಕೊಲ್ಲಬೇಕೆಂದು ಕೊಲ್ಲುವವನಲ್ಲ ಅವನು, ಒಂದು ಏಟು ಹೆಚ್ಚುಕಡಿಮೆ ಬಿದ್ದರೆ ಸಾಕಿತ್ತು.

ಒಬ್ಬಳೇ ಹೋಗಿ ಹೊಸಪೇಟೆಯ ಬಸ್ಸು ಹತ್ತಿ ಕೂತೆ. ಊರ ಹೆಂಗಸರು ಕಂಡುಬಿಟ್ಟರು. “ಹರಕಿ ಹೊತ್ತಾಕಿ ಊರ ಗಡಿ ದಾಟಬಾರದ್ರೀ, ಬಸ್ ನಿಂದರಸ್ರಿ!” ಅಂದರು. ಕಂಡಕ್ಟರನು, “ಇಳಿಯವ್ವಾ, ನನ್ನ ಬಸ್ಸಿಗೆ ಏನರ ಆದೀತು” ಅಂದ. ನಾನು ಕಂಬಿ ಹಿಡಿದುಕೊಂಡೆ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ಬಿಡಿಸುವಾಗಲೂ “ತಪ್ಪಾತು ತಾಯಿ, ತಪ್ಪಾತು ತಾಯಿ” ಅನ್ನುತ್ತಲೇ ಇದ್ದರು. ಪಾದಕ್ಕೆ ನೀರು ಹಾಕಿ, ಅರಿಶಿನ ಬಳಿದು, ಕೈಹಿಡಿದು ಮನೆಗೆ ತಂದು ಗಂಡನ ಮುಂದೆ ನಿಲ್ಲಿಸಿದರು. ಅವನು ಅವರಿಗೆಲ್ಲ ನಮಸ್ಕಾರ ಮಾಡಿ ಕಳಿಸಿದ. ಬಾಗಿಲು ಹಾಕಿದ. ಅವತ್ತು ನನ್ನ ಎಡಗೈಯ ಕಿರುಬೆರಳು ಮುರಿಯಿತು. ಈಗಲೂ ಸೊಟ್ಟಗೇ ಇದೆ.

ಪಕ್ಕಡ ಜಗಲಿಯ ಮೇಲೇ ಇತ್ತಲ್ಲ, ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಕೇಳುತ್ತೀರಿ. ಅತ್ತೆ ಜಗಲಿಯ ಮುಂದೆಯೇ ಹಾಸಿಕೊಳ್ಳುತ್ತಿದ್ದಳು. ಅದೂ ಅಲ್ಲದೆ ಇಷ್ಟು ಮಂದಿ ಅಮ್ಮ ಅಮ್ಮ ಅಂದು ಅಂದು, ನನ್ನೊಳಗೂ ಒಂದು ಹೆದರಿಕೆ ಹೊಕ್ಕಿತ್ತು. ತಂತಿ ಹಾಕಿದ್ದು ಡಾಕ್ಟರು ಅಂತ ಗೊತ್ತಿದ್ದರೂ ಕೈ ಮುಂದೆ ಹೋಗುತ್ತಿರಲಿಲ್ಲ.

ಅವತ್ತು ನಡುಮಧ್ಯಾಹ್ನ. ನಾನು ಹಿತ್ತಲಲ್ಲಿ ಹೊಟ್ಟೆ ತುಂಬ ಕಬ್ಬಿನ ಹಾಲು ಕುಡಿದು, ಮತ್ತೂ ಕುಡಿಯುತ್ತಿದ್ದೆ. ಗಂಡ ಗಾಣದ ಕಡೆಯಿಂದ ಬಂದವನೇ ಕೊಡವನ್ನು ಒದ್ದ. ಎರಡನೆಯ ಒದೆ ನನ್ನ ಹೊಟ್ಟೆಗೆ ಬಿತ್ತು. ಕುಡಿದದ್ದೆಲ್ಲ ಒಮ್ಮೆಗೇ ಮೇಲೆ ನುಗ್ಗಿತು. ಹಲ್ಲಿಗೆ ಬಡಿದು ಹಿಂದಕ್ಕೆ ತಿರುಗಿತು, ಮೂಗಿಗೆ ಹತ್ತಿತು. ಉಸಿರು ಎಳೆದರೆ ಕಬ್ಬಿನ ಹಾಲೇ ಒಳಗೆ ಬಂತು. ಕಣ್ಣು ಗುಡ್ಡೆ ಹೊರಗೆ ಬಂದ ಹಾಗಾಯಿತು. ಅವನು ಮತ್ತೆ ಕಾಲೆತ್ತಿದ್ದ. ನಾನು ಅವನ ಪಕ್ಕದಿಂದ ನುಗ್ಗಿ, ಎದ್ದು ಬಿದ್ದು ಒಳಗೆ ಓಡಿದೆ.

ಜಗಲಿಯ ಮುಂದೆ ಅತ್ತೆ ಎರಡೂ ಕೈ ಅಗಲಿಸಿ ನಿಂತಳು. “ಮುಟ್ಟಬ್ಯಾಡ! ಮೈಲಿಗಿ ಆಕ್ಕತಿ! ಅಮ್ಮ ಸುಡ್ತಾಳ ನಮ್ಮನಿ!”

ಸಾಯುವವಳಿಗೆ ಯಾವ ಮೈಲಿಗೆ. ತಲೆಯಿಂದ ಅವಳ ಹೊಟ್ಟೆಗೆ ಗುದ್ದಿದೆ. ಅವಳು ಹಿಂದಕ್ಕೆ ಬಿದ್ದು, ದೀಪದ ಕಂಬ ಅವಳ ಮೇಲೆ ಬಿತ್ತು. ಪಕ್ಕಡ ಸಿಕ್ಕಿತು. ಕಣ್ಣು ಕಾಣುತ್ತಿರಲಿಲ್ಲ. ತುಟಿಯೊಳಗೆ ತುರುಕಿ ಸಿಕ್ಕಿದ್ದನ್ನು ಕತ್ತರಿಸಿದೆ. ತಂತಿ ತುಂಡಾಯಿತು, ತುಟಿಯ ಒಂದು ಚೂರೂ ತುಂಡಾಯಿತು. ಮತ್ತೆ ಒತ್ತಿದೆ, ಮತ್ತೆ. ದವಡೆ ಬಿಟ್ಟುಕೊಂಡಿತು. ಹಾಲು, ರಕ್ತ, ತಂತಿಯ ತುಂಡು ಎಲ್ಲ ಜಗಲಿಯ ಮೇಲೆ ಬಿತ್ತು. ಅದರ ಹಿಂದೆ ಗಾಳಿ ಒಳಗೆ ಬಂತು. ಅಂಥ ರುಚಿ ಯಾವ ಹೋಳಿಗೆಯಲ್ಲೂ ನಾನು ಕಂಡಿಲ್ಲ.

ಗಂಡ ಹೊಸ್ತಿಲಲ್ಲಿ ನಿಂತಿದ್ದ. ಬಾಗಿಲ ಹಿಂದೆ ಭತ್ತ ಕುಟ್ಟುವ ಒನಕೆ ಇತ್ತು. ನಾನು ಮೊದಲು ಕೂಗಿದೆ. ದವಡೆ ಮರಗಟ್ಟಿ ಒಂದು ಬೆರಳಷ್ಟೇ ತೆರೆಯುತ್ತಿತ್ತು, ಆದರೆ ಕೂಗು ಪೂರ್ತಿ ಬಂತು. ಅಷ್ಟು ದಿನದ್ದೂ ಸೇರಿಸಿ ಬಂತು. ಕೂಗುತ್ತಲೇ ಒನಕೆ ಎತ್ತಿ ಅವನ ಹೆಗಲಿಗೆ ಹಾಕಿದೆ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಅವನು ಕೂತ. ಮೊಣಕಾಲಿಗೆ ಇನ್ನೊಂದು ಕೊಟ್ಟೆ. “ಯವ್ವಾ, ಹಿಡಕೋ ಅಕೀನ!” ಅಂತ ಅವನು ತನ್ನ ತಾಯಿಯನ್ನು ಕರೆದ. ಅವಳು ದೀಪದ ಕಂಬದ ಕೆಳಗೇ ಇದ್ದಳು.

ಬೀದಿ ಬಂತು. ಮೊದಲಿನ ಹಾಗೆಯೇ ಅಂಗಳ ತುಂಬಿತು. ಕೂದಲು ಕೆದರಿ, ಬಾಯಿಂದ ರಕ್ತ ಸುರಿಸುತ್ತ, ಒನಕೆ ಹಿಡಿದು ನಿಂತವಳನ್ನು ನೋಡಿದರು. ಯಾರೂ ಬಂದು ಹಿಡಿಯಲಿಲ್ಲ. ಎದುರು ಮನೆಯ ಮುದುಕಿ ಅಲ್ಲೇ ಉದ್ದಕ್ಕೆ ಅಡ್ಡಬಿದ್ದಳು.

“ಬಂದ್ಲು! ತಾಯಿ ಮೈಮ್ಯಾಲೆ ಬಂದ್ಲು! ಏನು ತಪ್ಪಾತು ಹೇಳವ್ವಾ!”

“ದೇವ್ರಲ್ಲ ನಾನು. ಇವನು ದಿನಾ ನನ್ನ ಹೊಡದು ಸಾಯಿಸಾಕತ್ತಾನ” ಅಂದೆ. ತುಟಿ ಹರಿದು, ದವಡೆ ತಿರುಗದೆ, ಮಾತು ಮುದ್ದೆಯಾಗಿ ಹೊರಬಿತ್ತು. ಮುದುಕಿ ಕಿವಿಗೊಟ್ಟು ಕೇಳಿ ಮಂದಿಗೆ ಬಿಡಿಸಿ ಹೇಳಿದಳು: “ದೇವರಂತಾಕಿಗೆ ದಿನಾ ಹೊಡದಾನ, ಅವನ್ನ ಸಾಯಸ್ತೀನಿ ಅನ್ನಾಕತ್ಯಾಳ.” ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು, ನಾನು ತಿದ್ದಲಿಲ್ಲ. ಗಂಡಸರು ನನ್ನ ಗಂಡನನ್ನು ಮುರಿದ ಹೆಗಲಿನ ಸಮೇತ ನನ್ನ ಕಾಲ ಹತ್ತಿರ ಎಳೆದು ತಂದು, “ಅಡ್ಡಬೀಳಲೇ, ಅಡ್ಡಬೀಳು” ಅಂತ ಕತ್ತು ಹಿಡಿದು ಬೀಳಿಸಿದರು. ಹೆಗಲು ನೆಲಕ್ಕೆ ತಾಗಿ ಅವನು ಅತ್ತ. ನಾನು ನೋಡುತ್ತ ನಿಂತಿದ್ದೆ. ಪಾಪ ಅನ್ನಿಸಲಿಲ್ಲ.

ಆಮೇಲೆ ಅವನು ಬದುಕಿರುವ ತನಕ ನನ್ನ ಮೇಲೆ ಕೈ ಎತ್ತಲಿಲ್ಲ. ಅಮ್ಮನಿಗೆ ಹೆದರಿದನೋ ಒನಕೆಗೆ ಹೆದರಿದನೋ, ನಾನು ಕೇಳಲಿಲ್ಲ. ಹಲ್ಲಿನಲ್ಲಿ ಉಳಿದ ತಂತಿಯನ್ನು ಡಾಕ್ಟರು ಮುಂದೊಂದು ದಿನ ತೆಗೆದರು. ಮೈ ಮೊದಲಿಗಿಂತ ಹೆಚ್ಚೇ ಬಂತು. ಆ ತಿನ್ನುವ ಕಾಟ ಈಗಲೂ ಇದೆ, ಹಲ್ಲು ಹೋದ ಮೇಲೆ ನೀರಲ್ಲಿ ನೆನೆಸಿ ತಿನ್ನುತ್ತೇನೆ ಅಷ್ಟೆ.

ಅವತ್ತು ಸಂಜೆ ಗಂಡನನ್ನು ಎಲುಬು ಕಟ್ಟುವವನ ಹತ್ತಿರ ಗಾಡಿಯಲ್ಲಿ ಕರೆದುಕೊಂಡು ಹೋದರು. ಅತ್ತೆ ಜಗಲಿ ತೊಳೆದಳು. ಅಡುಗೆಮನೆಗೆ ಹಳೆಯ ಹಾಗೆ ಬೀಗ ಹಾಕಿ ಮಲಗಿದಳು.

ಮರುದಿನ ಬೆಳಿಗ್ಗೆ ಎದ್ದು ಕಾಲುವೆಯ ದಂಡೆಗೆ ಹೋದೆ. ಒಂದೇ ಎತ್ತರದ ಮೂರು ಕಲ್ಲು ಹುಡುಕಿ, ಒಂದೊಂದಾಗಿ ತಲೆಯ ಮೇಲೆ ಹೊತ್ತು ತಂದು ದನದ ಕೊಟ್ಟಿಗೆಯ ಮೂಲೆಯಲ್ಲಿ ಹೂಡಿದೆ. ಸುತ್ತ ಮಣ್ಣು ಮೆತ್ತಿ, ಸಗಣಿ ಬಳಿದೆ. ಕಣಜದಿಂದ ಅಕ್ಕಿ ತಂದೆ, ಕದ್ದು ಅಲ್ಲ, ಅತ್ತೆಯ ಎದುರಿಗೇ ಮೊರದಲ್ಲಿ ತುಂಬಿಕೊಂಡು ತಂದೆ.

“ಏನ್ ಮಾಡಾಕತ್ತೀಯೇ?” ಅಂದಳು.

ದವಡೆ ಇನ್ನೂ ನೋಯುತ್ತಿತ್ತು. ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ. “ಒಲಿ ಬ್ಯಾರೆ ಮಾಡೀನಿ ಅತ್ತಿ.”

ನಮ್ಮ ಕಡೆ ಒಲೆ ಬೇರೆಯಾದರೆ ಮನೆ ಬೇರೆಯಾದ ಹಾಗೆ. ಅವಳು ಸೊಂಟದ ಕೀಲಿಕೈ ಹಿಡಿದುಕೊಂಡು ಒಳಗೆ ಹೋದಳು. ನಾನು ಒಣಗಿದ ಕಬ್ಬಿನ ಸೋಗೆ ತುರುಕಿ ಬೆಂಕಿ ಹಚ್ಚಿ, ಗಂಜಿಗೆ ಎಸರಿಟ್ಟೆ.